ಫ್ರೈಬುರ್ಗ್‌ನ ಪ್ಯಾಸಿವ್ ಮನೆಗೆ ಹೋಗುವ ಮುಂಚೆ

ತಮ್ಮಾ, ಜರ್ಮನಿಯ ಫ್ರೈಬುರ್ಗ್‌ನಲ್ಲಿ, ವೋಬಾನ್ ಬಡಾವಣೆಯ ಸಹಕಾರಿ ಸಂಘದ ಮನೆಯೊಂದು ಸಿಗುವ ಹಾಗಿದೆ, ಶಿರಸಿಯಲ್ಲಿ ಬೆಳೆದವರಿಗೆ ಅಲ್ಲಿಯ ವಾಸ ಒಗ್ಗೀತೇ ಅಂತ ಕೇಳಿದ್ದೀಯ. ಒಗ್ಗುತ್ತದೆ. ಚಳಿಗೆ ಹೆದರಬೇಡ, ಗಾಳಿಯ ವಿಷಯ ತಿಳಿದುಕೊಂಡು ಹೋಗು.

ಮೊದಲು ಕೇಳಬೇಕಾದ್ದು: ಮನೆ ಯಾವ ಬಗೆಯದು? ಫ್ರೆಂಚ್ ಸೈನ್ಯ 1992ರಲ್ಲಿ ಬಿಟ್ಟುಹೋದ ಜಾಗದಲ್ಲಿ ಎದ್ದ ಬಡಾವಣೆ ಅದು. ಹಳೆಯ ಬ್ಯಾರಕ್ಕುಗಳೂ ಇವೆ, ಹೊಸ ಕಟ್ಟಡಗಳೂ ಇವೆ. ಹೊಸದರಲ್ಲಿ, ಮನೆ ಬೆಚ್ಚಗಿಡಲು ಚದರ ಮೀಟರಿಗೆ ವರ್ಷಕ್ಕೆ 65 ಯೂನಿಟ್ (ಕಿಲೋವಾಟ್-ಗಂಟೆ) ಶಾಖದ ಮಿತಿಯಲ್ಲಿ ಕಟ್ಟಿದವು ಹೆಚ್ಚು. 15 ಯೂನಿಟ್ ಮಿತಿಯ ಪ್ಯಾಸಿವ್ ಮನೆಗಳು, ಅಂದರೆ ಹೀಟರು ಹೆಚ್ಚುಕಡಿಮೆ ಬೇಡದಷ್ಟು ಬಿಗಿಯಾಗಿ ಕಟ್ಟಿದವು, ಕೆಲವು. ಎರಡರಲ್ಲೂ ಇರುವ ಕ್ರಮ ಬೇರೆಬೇರೆ.

ನಮ್ಮ ಹಂಚಿನ ಮನೆಯಲ್ಲಿ ಗಾಳಿ ಯಾರನ್ನೂ ಕೇಳದೆ ಬಂದುಹೋಗುತ್ತದೆ. ಪ್ಯಾಸಿವ್ ಮನೆಯಲ್ಲಿ ಸಂದಿಯೇ ಇಲ್ಲ. ಮಲಗುವ ಕೋಣೆಗೆ ಹೊಸ ಗಾಳಿ ಬಿಟ್ಟು, ಅಡುಗೆಮನೆ, ಬಚ್ಚಲಿನಿಂದ ಹಳೆಯದನ್ನು ಎಳೆಯುವ ಯಂತ್ರ ಇರುತ್ತದೆ. ಹೊರಹೋಗುವ ಗಾಳಿಯ ಶಾಖದಲ್ಲಿ ಮುಕ್ಕಾಲು ಪಾಲಾದರೂ ಒಳಬರುವ ಗಾಳಿಗೆ ದಾಟುತ್ತದೆ. ಹೊರಗೆ ಸೊನ್ನೆ, ಒಳಗೆ 20 ಡಿಗ್ರಿ ಇದ್ದರೂ ಕೋಣೆಗೆ ಬರುವ ಗಾಳಿ 15 ಡಿಗ್ರಿಗಿಂತ ತಣ್ಣಗಿರದು. ಆದರೂ ‘ಗಾಳಿ ಹೊಡೀತದೆ’ ಅಂತ ಆ ಕಿಂಡಿಗೆ ಟೇಪು ಅಂಟಿಸುವವರು, ಬಾಗಿಲಡಿಯ ಸಂದಿಗೆ ಟವೆಲ್ ತುರುಕುವವರು ಬೇಕಾದಷ್ಟು ಜನ. ಆ ಸಂದಿಯೇ ಗಾಳಿ ಹಾಯುವ ದಾರಿ. ಅದು ಮುಚ್ಚಿದರೆ ಕೋಣೆಯಲ್ಲಿ ಬೆಳಗಾಗುವಷ್ಟರಲ್ಲಿ ತಲೆ ಭಾರ, ಬಚ್ಚಲಲ್ಲಿ ಬೂಸ್ಟು.

ಯಂತ್ರದ ಫಿಲ್ಟರನ್ನು ಆರು ತಿಂಗಳಿಂದ ವರ್ಷದೊಳಗೆ ಬದಲಿಸಬೇಕು. ಯಾರು ಬದಲಿಸಬೇಕು, ಯಾರ ದುಡ್ಡು ಅನ್ನುವುದನ್ನು ಕರಾರಿನಲ್ಲೇ ನೋಡಿಕೋ.

ಒಗ್ಗರಣೆ ದೊಡ್ಡ ಪ್ರಶ್ನೆ. ಅಲ್ಲಿಯ ಚಿಮಣಿ ಸಾಮಾನ್ಯವಾಗಿ ಹೊಗೆಯನ್ನು ಹೊರಗೆ ಹಾಕುವುದಿಲ್ಲ, ಇದ್ದಿಲಿನ ಫಿಲ್ಟರಿನಲ್ಲಿ ಸೋಸಿ ಮನೆಯೊಳಗೇ ಬಿಡುತ್ತದೆ. ಎಣ್ಣೆ ಹಿಡಿಯುವ ಜಾಲರಿ ತೊಳೆದರೆ ಸಾಕು. ಇದ್ದಿಲು ಸಾಮಾನ್ಯವಾಗಿ ಕೆಲವೇ ತಿಂಗಳಲ್ಲಿ ಸೋಲುತ್ತದೆ, ಆಮೇಲೆ ಒಣಮೆಣಸಿನ ಘಾಟು ಹಾಸಿಗೆವರೆಗೂ ಬರುತ್ತದೆ. ಒಗ್ಗರಣೆಗೆ ಮೊದಲೇ ಯಂತ್ರವನ್ನು ಹೆಚ್ಚಿನ ವೇಗಕ್ಕೆ ಹಾಕು, ಪಾತ್ರೆಗೆ ಮುಚ್ಚಳ ಮುಚ್ಚು. ಒಲೆ ಇಂಡಕ್ಷನ್ ಆಗಿದ್ದರೆ ಅಲ್ಯೂಮಿನಿಯಂ ಪಾತ್ರೆ ದಂಡ. ಅಯಸ್ಕಾಂತ ಅಂಟುವ ತಳದ್ದನ್ನೇ ತಗೊಂಡು ಹೋಗು. ಬೀಡಿನ ದೋಸೆ ಕಾವಲಿ ನಡೆಯುತ್ತದೆ, ನಿಧಾನ ಕಾಯಿಸಬೇಕು, ಗಾಜಿನ ಮೇಲೆ ಎಳೆದಾಡಬಾರದು.

ದೇವರ ಪಟಕ್ಕೆ ಹೊರಗೋಡೆಯಲ್ಲಿ ಮೊಳೆ ಹೊಡೆಯುವ ಮುಂಚೆ ಕೇಳು. ಮರದ ಕಟ್ಟಡವಾದರೆ ಒಳಪದರದಲ್ಲಿ ಗಾಳಿ ತಡೆಯುವ ಹಾಳೆ ಇರುತ್ತದೆ. ಅದು ತೂತಾದರೆ ಒಳಗಿನ ಬೆಚ್ಚಗಿನ ತೇವದ ಗಾಳಿ ನುಗ್ಗಿ ಗೋಡೆಯೊಳಗೆ ತಣ್ಣಗಾಗಿ ನೀರಾಗುತ್ತದೆ, ಮರ ಕೊಳೆಯುತ್ತದೆ.

ಯಂತ್ರವಿಲ್ಲದ ಮನೆ ಸಿಕ್ಕರೆ ಕೆಲಸ ನಿನ್ನದೇ. ಚಳಿಗಾಲದಲ್ಲಿ ದಿನಕ್ಕೆ ಎರಡು ಮೂರು ಸಲ, ಐದರಿಂದ ಹತ್ತು ನಿಮಿಷ ಕಿಟಕಿಗಳನ್ನು ಪೂರ್ತಿ ತೆರೆ. ದಿನವಿಡೀ ಓರೆಯಾಗಿ ತೆರೆದಿಡುವುದು ಕೆಟ್ಟ ಚಾಳಿ. ಕಿಟಕಿಯ ಅಂಚಿನ ಗೋಡೆ ತಣ್ಣಗಾಗಿ ಅಲ್ಲೇ ಕರಿಬೂಸ್ಟು ಏಳುತ್ತದೆ. ಒಂದು ಸಲ ಯಂತ್ರದಲ್ಲಿ ಒಗೆದ ಬಟ್ಟೆಯನ್ನು ಕೋಣೆಯಲ್ಲಿ ಹರವಿದರೆ ಸುಮಾರು ಎರಡು ಲೀಟರ್ ನೀರು ಗಾಳಿಗೆ ಸೇರುತ್ತದೆ. ತೇವ ತೋರಿಸುವ ಚಿಕ್ಕ ಮೀಟರ್ ತಗೋ, ಮುಳ್ಳು ಶೇಕಡಾ 40ರಿಂದ 60ರ ನಡುವೆ ಇರಲಿ. ಇಲ್ಲಿಯ ಮಳೆಗಾಲದ ಅಭ್ಯಾಸ, ಬಟ್ಟೆಯನ್ನು ಒಳಗೇ ಜೋತುಹಾಕುವುದು, ಅಲ್ಲಿ ನಡೆಯದು.

ದುಡ್ಡಿನ ವಿಷಯದಲ್ಲಿ, ಸದಸ್ಯನಾಗಲು ಕೊಳ್ಳುವ ಸಂಘದ ಷೇರು ಬೇರೆ, ಮನೆಯ ಡಿಪಾಸಿಟ್ ಬೇರೆ. ಡಿಪಾಸಿಟ್ ಕಾನೂನಿನಂತೆ ಮೂರು ತಿಂಗಳ ಮೂಲಬಾಡಿಗೆಗಿಂತ (ಶಾಖ, ನೀರಿನಂಥ ಖರ್ಚು ಸೇರದ ಬಾಡಿಗೆ) ಹೆಚ್ಚಿರಬಾರದು, ಮೂರು ಕಂತಿನಲ್ಲಿ ಕೊಡಬಹುದು. ಷೇರಿನ ಹಣ ಸದಸ್ಯತ್ವ ಬಿಟ್ಟ ಮಾರನೇ ದಿನ ಕೈಗೆ ಬರುವುದಿಲ್ಲ. ನೋಟಿಸಿನ ಅವಧಿ ಕಳೆದು ಸಂಘದ ಲೆಕ್ಕಪತ್ರದ ವರ್ಷ ಮುಗಿಯಬೇಕು. ಊರಿಗೆ ವಾಪಸು ಬರುವ ಯೋಚನೆಯಿದ್ದರೆ ಅಷ್ಟು ಮೊದಲೇ ಬರೆದು ಕೊಡು.

ಸಂಘದ ಸಭೆ, ಅಂಗಳ ಗುಡಿಸುವ ಸರದಿ ಇದ್ದೇ ಇರುತ್ತದೆ. ನಮ್ಮ ಮುಯ್ಯಾಳಿನ ಲೆಕ್ಕದಂತೆ, ತಪ್ಪಿಸಿಕೊಂಡವರನ್ನು ಯಾರೂ ಮರೆಯುವುದಿಲ್ಲ. ಕಾರಿನ ಆಸೆ ಬಿಡು. ಕಾರಿಲ್ಲದವರು ಇಲ್ಲವೆಂದು ಬರೆದುಕೊಡಬೇಕು, ಇದ್ದವರು ಬಡಾವಣೆಯ ಅಂಚಿನ ಗ್ಯಾರೇಜಿನಲ್ಲಿ ದುಡ್ಡು ಕೊಟ್ಟು ಜಾಗ ಕೊಳ್ಳಬೇಕು. 2006ರಿಂದ ಟ್ರಾಮ್ ಓಡುತ್ತಿದೆ, ಸೈಕಲ್ಲಿಗಂತೂ ಕೊರತೆಯಿಲ್ಲ.

ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರು ಸಹಿ ಮಾಡಿದ ಪತ್ರ ಬೇಕು, ಕೀಲಿ ಕೊಡುವ ದಿನವೇ ಕೇಳಿ ತಗೋ.