2070ರ ಕರೆಂಟಿನ ಲೆಕ್ಕ ಈಗ್ಲೇ ಹೆಂಗ ಹಾಕ್ತಾರ?

ಪ್ರಶ್ನೆ: ನಮಸ್ಕಾರ ಸರ್. ಪೇಪರ್‌ನಾಗ 2047ಕ್ಕ ದೇಶಕ್ಕ ಇಷ್ಟು ಕರೆಂಟ್ ಬೇಕು, 2070ಕ್ಕ ನೆಟ್ ಝೀರೋ (ಬಿಟ್ಟ ಹೊಗಿಯಷ್ಟೇ ವಾಪಸ್ ಹೀರೋದು) ಅಂತೆಲ್ಲಾ ಬರೀತಾರ, ಒಬ್ಬರ ನಂಬರ್ ಇನ್ನೊಬ್ಬರಿಗಿ ಕೂಡಲ್ಲ. ನಮಗ ನಾಳಿ ಪಂಪ್‌ಸೆಟ್ಟಿಗಿ ತ್ರೀ ಫೇಸ್ ಯಾವಾಗ ಬರ್ತದ ಅದೇ ಗೊತ್ತಿರಲ್ಲ, ಇವರು ಐವತ್ತು ವರ್ಷದ ಮುಂದಿಂದು ಹೆಂಗ ಹೇಳ್ತಾರ? ಇದೂ ಪಂಚಾಂಗ ಓದಿದಂಗೇ ಅಲ್ಲೇನ್ರಿ?
- ಒಬ್ಬ ರೈತ, ಸೇಡಂ ತಾಲೂಕು

ಉತ್ತರ: ಪಂಚಾಂಗ ಅಲ್ರಿ. ಪಂಚಾಂಗದಾಗ ಹಿಂಗೇ ಆಗ್ತದ ಅಂತ ಬರೆದಿರ್ತದ, ಇವರು ‘ಹಿಂಗಾದ್ರ ಏನು, ಹಂಗಾದ್ರ ಏನು’ ಅಂತ ನಾಕೈದು ಲೆಕ್ಕ ಹಾಕಿ ಬಾಜುಬಾಜು ಇಡ್ತಾರ, ಅದಕ್ಕ ಸಿನಾರಿಯೋ ಅಂತಾರ. ನೀವು ಇದನ್ನ ಪ್ರತಿ ವರ್ಷ ಮಾಡ್ತೀರಿ. ಮಿರಗ ಮಳಿ ಬಂದು ಹದ ಆಯ್ತಂದ್ರ ಹೆಸರು, ಉದ್ದು, ತಡ ಆಯ್ತಂದ್ರ ಹೆಸರು ಬಿಟ್ಟು ಬರೇ ತೊಗರಿ, ಅದೂ ಕೈ ಕೊಡ್ತಂದ್ರ ಹೊಲ ಹಂಗೇ ಇಟ್ಟು ಹಿಂಗಾರಿಗಿ ಜೋಳ. ಮೂರರಾಗ ಯಾವ್ದು ಆಗ್ತದ ಅಂತ ಮೇ ತಿಂಗಳದಾಗ ಯಾರಿಗೂ ಗೊತ್ತಿರಲ್ಲ, ಆದ್ರೂ ಹೊಲ ಹರಗೋದು, ಒಡ್ಡು ಕಟ್ಟೋದು ನೀವು ಬಿಡಲ್ಲ, ಯಾಕಂದ್ರ ಯಾವ್ದಾದ್ರೂ ಆ ಕೆಲಸ ಉಪಯೋಗಕ್ಕ ಬರ್ತದ. ದೇಶದ ಲೆಕ್ಕದಾಗೂ ಹುಡುಕೋದು ಅದನ್ನೇ, ಎಲ್ಲಾ ಸಿನಾರಿಯೋದಾಗೂ ದಂಡ ಆಗದ ಕೆಲಸ ಯಾವ್ದು ಅಂತ.

ಇಷ್ಟು ದೂರಂದು ಯಾಕ ಅಂದ್ರ, ಬಾಜೂ ರಾಯಚೂರಿನ ಥರ್ಮಲ್ ನೋಡ್ರಿ. ಮೊದಲ ಯುನಿಟ್ ಶುರುವಾದದ್ದು 1985ರಾಗ, ಈಗ ಒಟ್ಟು 1720 ಮೆಗಾವ್ಯಾಟ್, 40 ವರ್ಷ ದಾಟಿದ್ರೂ ರಾಜ್ಯ ಇನ್ನೂ ಅದರ ಮ್ಯಾಲ ನಿಂತದ. ಅಂದ್ರ ಇವತ್ತು ಒಂದು ಸ್ಥಾವರಕ್ಕ ಸಹಿ ಹಾಕಿದವರು 2065ರ ತನಕ ನಮ್ಮ ಮಕ್ಕಳನ್ನ ಅದಕ್ಕ ಕಟ್ಟಿಹಾಕ್ತಾರ.

ಈ ಪದ್ಧತಿ ಹೆಸರುವಾಸಿ ಆದದ್ದು ಶೆಲ್ ಅನ್ನೋ ಎಣ್ಣಿ ಕಂಪನಿಯಿಂದ, ಅಲ್ಲಿ ಪಿಯರ್ ವ್ಯಾಕ್ ಅನ್ನೋ ಫ್ರೆಂಚ್ ಮನುಷ್ಯ 1970ರ ದಶಕದ ಶುರುವಿನಾಗೇ, ಎಣ್ಣಿ ದೇಶಗಳು ಸಪ್ಲೈ ಬಿಗಿ ಮಾಡಿದ್ರ ಏನು ಅಂತ ತನ್ನ ಮ್ಯಾನೇಜರ್‌ಗಳನ್ನ ಕೂಡಿಸಿ ವಿಚಾರ ಮಾಡ್ಸಿದ್ದ. 1973ರಾಗ ಹಂಗೇ ಆಗಿ ರೇಟ್ ನಾಕು ಪಟ್ಟು ಏರ್ತು. ನಮ್ಮ ದೇಶದಾಗ 2014ರಾಗ ಯೋಜನಾ ಆಯೋಗ ‘ಐಇಎಸ್ಎಸ್ 2047’ ಅಂತ ಒಂದು ಲೆಕ್ಕದ ಸಾಧನ ಮಾಡ್ತು, ಈಗ ಅದು ನೀತಿ ಆಯೋಗದ ಕಡಿ ಅದ. ಸೋಲಾರ್, ಅಣು, ಕಲ್ಲಿದ್ದಲು, ಮನಿ, ಸಾರಿಗೆ, ಪಂಪ್‌ಸೆಟ್ ಹಿಂಗ ಒಂದೊಂದಕ್ಕೂ ನಾಕು ಹಂತ, ಏನೂ ಪ್ರಯತ್ನ ಮಾಡದಿದ್ರ ಒಂದು, ಜೀವ ಬಿಟ್ಟು ಮಾಡಿದ್ರ ನಾಕು. ಹಂತ ಬದಲಿಸಿದ್ರ ಎಷ್ಟು ಆಮದು, ಎಷ್ಟು ಹೊಗಿ, ಎಷ್ಟು ಜಮೀನು ಎಲ್ಲಾ ಬದಲಾಗ್ತದ. ಅದಕ್ಕೇ ಒಬ್ಬರ ನಂಬರ್ ಇನ್ನೊಬ್ಬರಿಗಿ ಕೂಡಲ್ಲ.

ಆದ್ರ ನನ್ನ ಚಿಂತಿ ಬ್ಯಾರೆ ಅದ. 2023 ನೆನಪು ಮಾಡ್ಕೋರಿ. 1901ರಿಂದ ಈಚಿಗಿ ಅಷ್ಟು ಒಣ ಆಗಸ್ಟ್ ದೇಶ ನೋಡಿರಲಿಲ್ಲ, ರಾಜ್ಯದಾಗ 200ಕ್ಕೂ ಹೆಚ್ಚು ತಾಲೂಕು ಬರ ಅಂತ ಸಾರಿದ್ರು. ಡ್ಯಾಮ್‌ನಾಗ ನೀರಿಲ್ಲ ಅಂತ ಜಲವಿದ್ಯುತ್ ಇಳೀತು, ಮಳಿ ಇಲ್ಲ ಅಂತ ಊರೂರಾಗ ಬೋರ್ ಚಾಲೂ ಆದ್ವು, ಧಗಿಗಿ ಫ್ಯಾನ್ ಕೂಲರ್ ನಿಲ್ಲಲೇ ಇಲ್ಲ. ಆ ವರ್ಷ ತೊಗರಿ ಹೂವಾಡೋ ಹೊತ್ತಿಗಿ ತ್ರೀ ಫೇಸ್ ನಡುರಾತ್ರಿ ಬರ್ತಿತ್ತು, ನಮ್ಮ ತಮ್ಮ ಬ್ಯಾಟರಿ ಹಿಡ್ಕೊಂಡು ಹೋಗಿ ಮೊದಲು ಕಟಗಿಲೆ ಸ್ಟಾರ್ಟರ್ ಡಬ್ಬಿ ಬಡಿದು, ಒಳಗ ಹಾವಿಲ್ಲ ಅಂತ ನೋಡಿ, ಆಮ್ಯಾಲ ಹಸಿರು ಬಟನ್ ಒತ್ತಬೇಕು. ಒಂದು ಹಾಳಿ ಮ್ಯಾಲ ‘ನೀರು ಕಡಿಮಿ ಆದ್ರ’ ಇನ್ನೊಂದು ಹಾಳಿ ಮ್ಯಾಲ ‘ಲೋಡ್ ಏರಿದ್ರ’ ಅಂತ ಬ್ಯಾರೆ ಬ್ಯಾರೆ ಲೆಕ್ಕ ಹಾಕಿದ್ರ ಎರಡೂ ಸಣ್ಣ ತೊಂದ್ರಿ ಕಾಣ್ತಾವ, ಆದ್ರ ನಮ್ಮ ಕಡಿ ಅವೆರಡೂ ಒಂದೇ ದಿನ ಬರ್ತಾವ. ಆ ವರ್ಷ ಇಲ್ಲದ ಸಿನಾರಿಯೋ ನಮಗ ಉಪಯೋಗ ಇಲ್ಲ.

ಪ್ರಶ್ನೆ: ಸೋಲಾರ್ ಇಷ್ಟು ಅಗ್ಗ ಆಗ್ಯಾದ, ನಮ್ಮಲ್ಲಿ ಬಿಸಲಿಗೇನು ಕಡಿಮಿ ಇಲ್ಲ. ಇನ್ನೂ ಕಲ್ಲಿದ್ದಲು ಯಾಕ ಸರ್?
- ಡಿಗ್ರಿ ವಿದ್ಯಾರ್ಥಿನಿ, ಬೀದರ್

ಉತ್ತರ: ತಂಗಿ, ಮೇ ತಿಂಗಳ ಮಧ್ಯಾಹ್ನ ನಮ್ಮ ಮಾಳಗಿ ಮ್ಯಾಲ ಪ್ಯಾನಲ್ ಮುಟ್ಟಿದ್ರ ಕೈ ತಟ್ಟಂತ ಹಿಂದ ಬರ್ತದ. ಪ್ಯಾನಲ್‌ನ ಶಕ್ತಿ ಅಳತಿ ಮಾಡೋದು 25 ಡಿಗ್ರಿಗಿ, ಅದರ ಮ್ಯಾಲ ಒಂದೊಂದು ಡಿಗ್ರಿ ಕಾದ್ರ ಹತ್ತಿರ ಹತ್ತಿರ 0.3ರಿಂದ 0.4 ಪರ್ಸೆಂಟ್ ಕಡಿಮಿ ಆಗ್ತದ, ಅಂದ್ರ ಕಾವು ಜಾಸ್ತಿ ಇದ್ದಷ್ಟು ಕರೆಂಟ್ ಜಾಸ್ತಿ ಅಂತಿಲ್ಲ. ಅದು ಸಣ್ಣ ಮಾತು. ದೊಡ್ಡ ಮಾತು ಏನಂದ್ರ ಸಂಜಿ ಏಳಕ್ಕ ಪ್ಯಾನಲ್ ಮಲಗ್ತದ, ನಮ್ಮನಿ ಕೂಲರ್ ರಾತ್ರಿ ಎರಡರ ತನಕ ಎದ್ದಿರ್ತದ. ಆ ಹೊತ್ತಿಗಿ ಬ್ಯಾಟರಿ ಬೇಕು, ಇಲ್ಲಾ ಹಗಲು ನೀರು ಮ್ಯಾಲ ಹತ್ತಿಸಿ ರಾತ್ರಿ ಇಳಿಸೋ ಪಂಪ್ಡ್ ಸ್ಟೋರೇಜ್ ಬೇಕು. ಶರಾವತಿದಾಗ 2000 ಮೆಗಾವ್ಯಾಟಿಂದು ಯೋಜನೆ ಅದ, ಸಿಂಗಳೀಕ ಇರೋ ಕಾಡು ಹೋಗ್ತದ ಅಂತ ಅಲ್ಲಿಯವರು ಬ್ಯಾಡ ಅನ್ಲತ್ತಾರ, ಅವರ ಮಾತು ನನಗ ಖರೇ ಅನಸ್ತದ. ಬ್ಯಾಟರಿ ಎಷ್ಟು ಅಗ್ಗ ಆಗ್ತದ ಅನ್ನೋದರ ಮ್ಯಾಲ ಕಲ್ಲಿದ್ದಲು ಎಷ್ಟು ಲಗೂ ಇಳೀತದ ಅನ್ನೋದು ನಿಂತದ. ಹಗಲಿನ ಸೋಲಾರ್ ಹಗಲೇ ಪಂಪ್‌ಸೆಟ್ಟಿಗಿ ಕೊಡೋದು ಮಾತ್ರ ಯಾವ ಸಿನಾರಿಯೋದಾಗೂ ದಂಡ ಆಗಲ್ಲ, ಸೇಡಂನವರು ಕೇಳಿದ ತ್ರೀ ಫೇಸಿಗೂ ಅದೇ ಉತ್ತರ.

ಪ್ರಶ್ನೆ: ಇದರಾಗ ನಮ್ಮಂಥವರು ಏನು ಮಾಡ್ಲಿಕ್ಕಾಗ್ತದ?
- ಯಾದಗಿರಿಯಿಂದ ಒಬ್ಬರು

ಉತ್ತರ: ಐಇಎಸ್ಎಸ್ ಇಂಟರ್‌ನೆಟ್‌ನಾಗ ಯಾರು ಬೇಕಾದ್ರೂ ತೆಗೆದು ನೋಡೋ ಹಂಗ ಮಾಡ್ಯಾರ, ಒಮ್ಮಿ ಹಂತ ಬದಲಿಸಿ ನೋಡ್ರಿ. ಇನ್ನ ಕರೆಂಟ್ ದರ ಬದಲಿಸೋ ಮುಂಚೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಅಂದ್ರ ಕೆಇಆರ್‌ಸಿಯವರು ಕಲಬುರಗಿಗಿ ಬಂದು ನಮ್ಮ ಕಡಿ ಕರೆಂಟ್ ಕೊಡೋ ಕಂಪನಿ ಜೆಸ್ಕಾಂ ಬಗ್ಗಿ ಸಾರ್ವಜನಿಕ ವಿಚಾರಣೆ ಮಾಡ್ತಾರ, ಅಲ್ಲಿ ಗ್ರಾಹಕರು ಎದ್ದು ಮಾತಾಡಬಹುದು. ಬರೇ ಯುನಿಟ್ ರೇಟ್ ಕೇಳಿ ಕೂಡಬ್ಯಾಡ್ರಿ. ಮುಂದಿನ ವರ್ಷಗಳ ಲೋಡ್ ಲೆಕ್ಕ ತೋರಿಸ್ರಿ, ಅದರಾಗ ಮಳಿ ಹೋದ ವರ್ಷ ಎಲ್ಲಿ ಅದ ತೋರಿಸ್ರಿ ಅಂತ ಕೇಳ್ರಿ.