ಲೆಯೋವಿಲ್ ಬಾರ್ಟನ್ 2016: ಈಗ ತೆರೆಯಬೇಕೇ, ಇಡಬೇಕೇ?

ಮೇಡಂ, ನಿಮ್ಮ ಅಣ್ಣ ಪ್ಯಾರಿಸ್‌ನಿಂದ ತಂದುಕೊಟ್ಟ ಶಾತೊ ಲೆಯೋವಿಲ್ ಬಾರ್ಟನ್ 2016 ಅನ್ನು, ಅಂದರೆ ಆ ತೋಟದ 2016ರ ಕೊಯ್ಲಿನ ಕೆಂಪು ವೈನನ್ನು, ಈಗಲೇ ತೆರೆಯುವುದೋ, ಹತ್ತು ವರ್ಷ ಇಡುವುದೋ ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆಗೆ ಒಬ್ಬರು "ಹಳೆಯದಾದಷ್ಟೂ ರುಚಿ, ಅಟ್ಟದ ಮೇಲಿಟ್ಟು ಮರೆತುಬಿಡಿ" ಎಂದಿದ್ದಾರೆ. ದಯವಿಟ್ಟು ಅಟ್ಟಕ್ಕೆ ಮಾತ್ರ ಹಾಕಬೇಡಿ. ಹುಬ್ಬಳ್ಳಿಯಲ್ಲಿ ಎರಡು ಬೇಸಿಗೆ ಕಳೆದರೆ ಆ ವೈನ್ ಬೆಂದುಹೋಗುತ್ತದೆ.

ಇದು ಫ್ರಾನ್ಸಿನ ಬೋರ್ಡೊ ಪ್ರಾಂತ್ಯದ ಸೇಂಟ್ ಜೂಲಿಯೆನ್ ಊರಿನದು. ಐರ್ಲೆಂಡ್‌ನಿಂದ ಬಂದ ಬಾರ್ಟನ್ ಕುಟುಂಬ 1826ರಲ್ಲಿ ಲೆಯೋವಿಲ್ ಎಸ್ಟೇಟಿನ ಒಂದು ಭಾಗ ಕೊಂಡಿತು. ಇಂದಿಗೂ ತೋಟ ಅವರದ್ದೇ. ಬೋರ್ಡೊ ತೋಟಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದ 1855ರ ವರ್ಗೀಕರಣದಲ್ಲಿ ಇದು ಎರಡನೇ ದರ್ಜೆ. ಹಾಗೆಂದು ಎರಡನೇ ದರ್ಜೆ ಎಂದರೆ ಕಡಿಮೆ ಎಂದುಕೊಳ್ಳಬೇಡಿ. ಮೊದಲ ದರ್ಜೆಯಲ್ಲಿರುವುದು ಬೆರಳೆಣಿಕೆಯಷ್ಟು ತೋಟಗಳು, ಅವುಗಳ ಬೆಲೆ ಕೇಳುವ ಹಾಗೇ ಇಲ್ಲ.

ಈಗ ನನ್ನ ಅಭಿಪ್ರಾಯ. ವೈನ್ ಬಹಳ ಒಳ್ಳೆಯದು, ಆದರೆ ಇನ್ನೂ ಎಳೆಯದು. ಇದರಲ್ಲಿ ಬಹುಪಾಲು ಕ್ಯಾಬರ್ನೆ ಸೊವಿನ್ಯೊ ದ್ರಾಕ್ಷಿ. ಸಣ್ಣ ಹಣ್ಣು, ದಪ್ಪ ಸಿಪ್ಪೆ, ಅದರಿಂದಲೇ ಒಗರು ಕೊಡುವ ಅಂಶವಾದ ಟ್ಯಾನಿನ್ ಜಾಸ್ತಿ. ಎಳೆ ಅಡಿಕೆ ಅಗಿದಾಗ ಬಾಯಿ ಒಗರಾಗುತ್ತದಲ್ಲ, ಆ ಥರದ ಹಿಡಿತ ಅದು. 2016ರಲ್ಲಿ ಬೋರ್ಡೊದಲ್ಲಿ ವಸಂತವಿಡೀ ಮಳೆ, ಆಮೇಲೆ ಒಣ ಬೇಸಿಗೆ, ಕೊಯ್ಲಿನ ಹೊತ್ತಿಗೆ ತಂಪು ರಾತ್ರಿಗಳು. ಹಣ್ಣು ಚೆನ್ನಾಗಿ ಮಾಗಿತು, ಹುಳಿಯೂ ಉಳಿಯಿತು. ದೀರ್ಘ ಕಾಲ ಬಾಳಲು ಇವೆರಡೂ ಬೇಕು. ವರ್ಷಗಳು ಕಳೆದಂತೆ ಟ್ಯಾನಿನ್ ಒಂದಕ್ಕೊಂದು ಅಂಟಿಕೊಂಡು ಗಷ್ಟಾಗಿ ತಳಕ್ಕೆ ಕೂರುತ್ತದೆ, ಒಗರು ಇಳಿಯುತ್ತದೆ. ಇದೇ ತೋಟದ 2000ನೇ ಇಸವಿಯ ವೈನ್ ಕುಡಿಯುವ ಅವಕಾಶ ನನಗೆ ಸಿಕ್ಕಿತ್ತು. ದೇವದಾರು, ತಂಬಾಕಿನ ಎಲೆ, ಒಣಹಣ್ಣಿನ ಪರಿಮಳ, ನುಂಗಿದ ಮೇಲೂ ತುಂಬಾ ಹೊತ್ತು ಬಾಯಲ್ಲಿ ಉಳಿಯುವ ರುಚಿ. 2016 ಅದಕ್ಕಿಂತಲೂ ಶುದ್ಧ ಎನಿಸುತ್ತದೆ.

ಒಂದು ಕೊರತೆಯನ್ನೂ ಹೇಳಬೇಕು. ಈ ತೋಟದ ಶೈಲಿ ಬಿಗಿ. ಪಕ್ಕದ ತೋಟ ಲೆಯೋವಿಲ್ ಪೊಯ್ಫೆರೆಯ ವೈನ್ ಎಳೆಯದರಲ್ಲೇ ಮೆತ್ತಗೆ ಸಿಗುತ್ತದೆ, ಇದು ಹಾಗಲ್ಲ. ಹಣ್ಣು ಸರಿಯಾಗಿ ಮಾಗದ 2013ರಂಥ ವರ್ಷದಲ್ಲಿ ಈ ಬಿಗಿತನವೇ ಬಾಯಿಗೆ ಒಣ ಎನಿಸುತ್ತದೆ. 2016ಕ್ಕೆ ಆ ತೊಂದರೆ ಇಲ್ಲ.

ಹಾಗಾಗಿ ಉತ್ತರ ನಿಂತಿರುವುದು ನಿಮ್ಮ ಮನೆಯ ತಂಪಿನ ಮೇಲೆ. 12ರಿಂದ 14 ಡಿಗ್ರಿ ಇಡುವ ವೈನ್ ಫ್ರಿಜ್ ಇದ್ದರೆ ಬಾಟಲಿ ಮಲಗಿಸಿ ಇಡಿ. ಕಾರ್ಕ್ ಒದ್ದೆಯಾಗಿರಲಿ, ಬೆಳಕು ಬೀಳದಿರಲಿ. 2030ರ ನಂತರ ತೆರೆಯಿರಿ, ಅದಕ್ಕೂ ಮುಂದೆ ಹೋದರೂ ಭಯವಿಲ್ಲ. ಅಂಥ ಜಾಗ ಇಲ್ಲವೇ? ಈ ಬೇಸಿಗೆಗೆ ಮೊದಲೇ ಕುಡಿದುಬಿಡಿ. ಅಡುಗೆಮನೆಯ ಫ್ರಿಜ್‌ನಲ್ಲಿ ಕೆಲವು ತಿಂಗಳು ಇಡಬಹುದು, ವರ್ಷಗಟ್ಟಲೆ ಬೇಡ. ಅಲ್ಲಿನ ಒಣಗಾಳಿಗೆ ಕಾರ್ಕ್ ಕುಗ್ಗುತ್ತದೆ. ಚೆನ್ನಾಗಿರುವ ಎಳೆಯ ವೈನ್ ಕುಡಿಯುವುದು, ಬೆಂದ ಹಳೆಯ ವೈನ್ ಕುಡಿಯುವುದಕ್ಕಿಂತ ಎಷ್ಟೋ ವಾಸಿ ಅಲ್ವಾ?

ಮೊದಲು ಬಾಟಲಿ ನೋಡಿ. ಕಾರ್ಕ್ ಮೇಲೆದ್ದಿದ್ದರೆ ಅಥವಾ ಕತ್ತಿನ ಬಳಿ ಅಂಟು ಅಂಟು ಸೋರಿಕೆ ಇದ್ದರೆ ದಾರಿಯಲ್ಲೇ ಬಿಸಿ ತಗುಲಿರಬಹುದು. ಆಗ ಇಡುವ ಮಾತೇ ಬೇಡ.

ಈಗ ತೆರೆಯುವುದಾದರೆ ಹಿಂದಿನ ದಿನ ನೆಟ್ಟಗೆ ನಿಲ್ಲಿಸಿ. ಅಗಲ ಬಾಯಿಯ ಗಾಜಿನ ಜಗ್ಗಿಗೆ ನಿಧಾನವಾಗಿ ಸುರಿದು ಮೂರು ಗಂಟೆ ಗಾಳಿಗೆ ಬಿಡಿ. ನಮ್ಮ ಕಡೆಯ ಕೋಣೆಯ ಬಿಸಿ ಇದಕ್ಕೆ ಜಾಸ್ತಿ. ಕುಡಿಯುವ ಮುನ್ನ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು 17 ಡಿಗ್ರಿ ಆಸುಪಾಸಿಗೆ ತನ್ನಿ. ಜೊತೆಗೆ ಕರಿಮೆಣಸು ಮಿತವಾಗಿ ಹಾಕಿ ಹುರಿದ ಮಟನ್ ಚೆನ್ನ. ಖಾರದ ಸಾರು ಬೇಡ, ಒಗರು ಇನ್ನಷ್ಟು ಎದ್ದು ಕಾಣುತ್ತದೆ. ಉಳಿದರೆ ಮತ್ತೆ ಬಾಟಲಿಗೆ ತುಂಬಿ, ಕಾರ್ಕ್ ಹಾಕಿ ಫ್ರಿಜ್‌ನಲ್ಲಿಡಿ. ಇಷ್ಟು ಗಟ್ಟಿ ವೈನ್‌ನ ಪರಿಮಳ, ರುಚಿ ಮರುದಿನ ಇನ್ನಷ್ಟು ಬಿಚ್ಚಿಕೊಂಡಿರುವುದುಂಟು.