ಶತ್ರು ವಿಮಾನದ ಗುಟ್ಟು ರಟ್ಟಾಗುವುದು ಹೇಗೆ?

ನೀವು ಕೇಳಿರುವುದು ಎರಡು ವಿಷಯ. ಮಡಿಕೇರಿಯಲ್ಲಿ ಪ್ರತಿಮೆಯಾಗಿ ನಿಂತಿರುವ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು 1965ರಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಉರುಳಿಸಿದ ಸಂಗತಿ ನಮಗೆ ತಿಳಿಯಲು ಅಷ್ಟು ವರ್ಷ ಏಕೆ ಹಿಡಿಯಿತು? ಯುದ್ಧದ ನಡುವೆ ಶತ್ರು ವಿಮಾನದ ಮಾಹಿತಿ ಸಂಗ್ರಹಿಸುವುದು ಗೂಢಚಾರರ ಕೆಲಸವೇ?

ಗೂಢಚಾರರ ಪಾಲು ಜನ ಅಂದುಕೊಂಡಷ್ಟಿಲ್ಲ. ವಿಮಾನ ಯಾರ ನೆಲದ ಮೇಲೆ ಬಿತ್ತು ಅನ್ನುವುದೇ ಬಹುಪಾಲು ಎಲ್ಲವನ್ನೂ ನಿರ್ಧರಿಸುತ್ತದೆ. ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಡೆದ ದಾಳಿಯಲ್ಲಿ ದೇವಯ್ಯನವರ ಮಿಸ್ಟೇರ್ ವಿಮಾನ, ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಸ್ಟಾರ್‌ಫೈಟರ್ ಎರಡೂ ಬಿದ್ದದ್ದು ಆ ಕಡೆಯ ನೆಲದಲ್ಲಿ. ಬದುಕುಳಿದ ಸಾಕ್ಷಿಯೂ ಅಮ್ಜದ್ ಒಬ್ಬರೇ. ಕಾಳಗವನ್ನು ನಮ್ಮ ಬೇರೆ ಪೈಲಟ್‌ಗಳು ಕಂಡಿರಲಿಲ್ಲ. 1979ರಲ್ಲಿ ಪಾಕಿಸ್ತಾನದ ಕಡೆಯ ವಿವರ ಆಧರಿಸಿ ಬ್ರಿಟಿಷ್ ಪತ್ರಕರ್ತರೊಬ್ಬರ ಪುಸ್ತಕ ಬಂದ ಮೇಲೆಯೇ ವಿಷಯ ಹೊರಬಿದ್ದದ್ದು. ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಅದೇ ವಿಮಾನ ನಮ್ಮ ನೆಲದಲ್ಲಿ ಬಿದ್ದಿದ್ದರೆ? ಅಲ್ಲಿಗೆ ಮೊದಲು ಕಳಿಸಬೇಕಾದ್ದು ತಜ್ಞರನ್ನಲ್ಲ, ಕಾವಲಿನವರನ್ನು. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿ ಜಪಾನಿ ವಿಮಾನಗಳನ್ನು ಪರಿಶೀಲಿಸುತ್ತಿದ್ದ ಅಮೆರಿಕ, ಆಸ್ಟ್ರೇಲಿಯಾ ತಂಡಗಳಿಗೆ ದೊಡ್ಡ ತಲೆನೋವು ಜಪಾನೀಯರಲ್ಲ, ನೆನಪಿಗೆಂದು ಸಿಕ್ಕಿದ್ದನ್ನು ಬಿಚ್ಚಿಕೊಂಡು ಹೋಗುತ್ತಿದ್ದ ತಮ್ಮದೇ ಸೈನಿಕರು. ಅವರ ಕೈ ಮೊದಲು ಹೋಗುತ್ತಿದ್ದದ್ದು ನೇಮ್‌ಪ್ಲೇಟಿಗೆ. ಅಂಗೈಯಗಲದ ಆ ಲೋಹದ ತುಂಡಿನಲ್ಲಿ ಮಾದರಿ, ಕಾರ್ಖಾನೆ, ಕ್ರಮಸಂಖ್ಯೆ, ತಯಾರಾದ ತಿಂಗಳು ಇರುತ್ತವೆ. ಅದು ಹೋದರೆ ಅರ್ಧ ಕೆಲಸ ಹೋದಂತೆ.

ಕಾವಲು ನಿಂತ ಮೇಲೆ ಸ್ಫೋಟಕ ತಿಳಿದವರು ಬರಬೇಕು. ಸಿಡಿಯದ ಬಾಂಬು, ಎಜೆಕ್ಷನ್ ಸೀಟಿನ ಮದ್ದು, ಗುಪ್ತ ಉಪಕರಣ ಶತ್ರುವಿಗೆ ಸಿಗದಿರಲೆಂದು ಅದರೊಳಗೇ ಇಟ್ಟ ಸಿಡಿಮದ್ದು, ಮೂರೂ ಇರಬಹುದು. ಆಮೇಲೆ ಏನನ್ನೂ ಕದಲಿಸದೆ ಫೋಟೊ. ರೇಡಿಯೊದ ಡಯಲ್ ಯಾವ ಆವರ್ತನಾಂಕದಲ್ಲಿ ನಿಂತಿದೆ ಅನ್ನುವುದನ್ನು ಯಾರೂ ಕೈಹಾಕುವ ಮೊದಲೇ ಬರೆದುಕೊಳ್ಳಬೇಕು. ಇಂಧನ ಮತ್ತು ಎಣ್ಣೆಯ ಸ್ಯಾಂಪಲ್, ಪೈಲಟ್ ಹಿಂದಿನ ಉಕ್ಕಿನ ತಗಡಿನ ದಪ್ಪ, ಟ್ಯಾಂಕಿಗೆ ಗುಂಡು ಬಿದ್ದರೆ ತೂತು ಮುಚ್ಚಿಕೊಳ್ಳುವ ರಬ್ಬರ್ ಪದರ ಇದೆಯೋ ಇಲ್ಲವೋ, ಗುಂಡಿನ ಬೆಲ್ಟಿನಲ್ಲಿ ಯಾವ ಬಗೆಯ ಗುಂಡಿನ ನಂತರ ಯಾವುದು, ಎಲ್ಲವೂ ಬೇಕು.

ನೇಮ್‌ಪ್ಲೇಟಿನ ಕ್ರಮಸಂಖ್ಯೆಗಳಿಂದ ಒಟ್ಟು ಉತ್ಪಾದನೆಯ ಅಂದಾಜೂ ಸಿಗುತ್ತದೆ. ನಮ್ಮ ಕಾಫಿ ಬೆಳೆಗಾರರು ಕೆಲವೇ ಗಿಡಗಳ ಕಾಯಿ ನೋಡಿ ಇಡೀ ತೋಟದ ಫಸಲು ಹೇಳುವ ಹಾಗೆ. ಐದು ಅವಶೇಷಗಳಲ್ಲಿ 14, 31, 37, 52, 60 ಸಿಕ್ಕವು ಅನ್ನಿ. ದೊಡ್ಡ ಸಂಖ್ಯೆ 60. ಅದನ್ನು ಐದರಿಂದ ಭಾಗಿಸಿದರೆ 12. ಎರಡನ್ನೂ ಕೂಡಿಸಿ ಒಂದು ಕಳೆದರೆ 71. ಅಂದರೆ ಸುಮಾರು 71 ತಯಾರಾಗಿವೆ. ಜರ್ಮನ್ ಟ್ಯಾಂಕ್‌ಗಳ ಮೇಲೆ ಇದೇ ಲೆಕ್ಕ ಹಾಕಿದಾಗ 1942ರ ಆಗಸ್ಟ್ ತಿಂಗಳಿಗೆ 327 ಬಂತು. ಸಾಮಾನ್ಯ ಗೂಢಚರ್ಯೆಯ ಅಂದಾಜು 1,550. ಯುದ್ಧ ಮುಗಿದು ಜರ್ಮನ್ ಕಡತ ತೆಗೆದಾಗ ಕಂಡದ್ದು 342. ಆದರೆ ಕಾರ್ಖಾನೆ ಕ್ರಮಸಂಖ್ಯೆಯನ್ನು ಒಂದರಿಂದ ಶುರುಮಾಡದಿದ್ದರೆ, ನಡುವೆ ನೂರಿನ್ನೂರು ಹಾರಿಸಿದರೆ ಲೆಕ್ಕ ದಾರಿ ತಪ್ಪುತ್ತದೆ. ಅದಕ್ಕೇ ವಿಮಾನದ ಸಂಖ್ಯೆಯೊಂದನ್ನೇ ನಂಬದೆ ಎಂಜಿನ್, ಟೈರು, ರೇಡಿಯೊಗಳದ್ದನ್ನೂ ತಾಳೆ ಹಾಕಬೇಕು.

ಹಾರುವ ಸ್ಥಿತಿಯಲ್ಲೇ ವಿಮಾನ ಸಿಕ್ಕರೆ ಅದಕ್ಕಿಂತ ದೊಡ್ಡ ಅದೃಷ್ಟವಿಲ್ಲ. 1942ರ ಜೂನ್ 4ರಂದು ಅಲಾಸ್ಕಾದ ಅಕುಟಾನ್ ದ್ವೀಪದಲ್ಲಿ ಜಪಾನಿನ ಝೀರೋ ಯುದ್ಧವಿಮಾನವೊಂದು ಜೌಗು ನೆಲಕ್ಕೆ ಇಳಿಯಲು ಹೋಗಿ ಮಗುಚಿತು. ಪೈಲಟ್ ಕೋಗಾ ಸತ್ತ, ವಿಮಾನ ಹೆಚ್ಚುಕಡಿಮೆ ಇಡಿಯಾಗಿ ಉಳಿಯಿತು. ಜುಲೈ 10ರಂದು ಅಮೆರಿಕನ್ನರ ಕಣ್ಣಿಗೆ ಬಿದ್ದು, ದುರಸ್ತಿಯಾಗಿ, ಸೆಪ್ಟೆಂಬರಿನಲ್ಲಿ ಸ್ಯಾನ್ ಡಿಯೇಗೊದಲ್ಲಿ ಹಾರಿತು. ಹಾರಿಸಿ ನೋಡಿದಾಗ ಅದರ ಕೊರತೆ ತಿಳಿಯಿತು: ಮೂಗನ್ನು ತಟ್ಟನೆ ಕೆಳಕ್ಕೆ ತಳ್ಳಿದರೆ ಕಾರ್ಬ್ಯುರೇಟರಿನ ಫ್ಲೋಟ್ ಕೈಕೊಟ್ಟು ಎಂಜಿನ್ ನಿಲ್ಲುತ್ತಿತ್ತು. 200 ನಾಟ್ ದಾಟಿದರೆ ವಿಮಾನವನ್ನು ಪಕ್ಕಕ್ಕೆ ಹೊರಳಿಸುವ ರೆಕ್ಕೆಯ ಏಲರಾನ್‌ಗಳು ಬಿಗಿಯಾಗುತ್ತಿದ್ದವು, ಬಲಕ್ಕೆ ಹೊರಳುವುದು ಎಡಕ್ಕಿಂತ ಕಷ್ಟ. ಹಾಗಾಗಿ ಪೈಲಟ್‌ಗಳಿಗೆ ಹೋದ ಸೂಚನೆ ಸರಳ: ಝೀರೋ ಬೆನ್ನು ಹತ್ತಿದರೆ ಮೂಗು ತಳ್ಳಿ ಡೈವ್ ಹೊಡಿ, ವೇಗ ಏರಿದ ಮೇಲೆ ಬಲಕ್ಕೆ ಹೊರಳು. ಈ ಝೀರೋ ನೋಡಿಯೇ ಅಮೆರಿಕದ ಹೆಲ್‌ಕ್ಯಾಟ್ ಯುದ್ಧವಿಮಾನದ ವಿನ್ಯಾಸ ಮಾಡಿದರು ಅಂತ ಅಲ್ಲಲ್ಲಿ ಓದುತ್ತೀರಿ, ನಂಬಬೇಡಿ. ಹೆಲ್‌ಕ್ಯಾಟ್ ಮೊದಲು ಹಾರಿದ್ದು ಜೂನ್ 26ಕ್ಕೆ, ಝೀರೋ ಇನ್ನೂ ಜೌಗಿನಲ್ಲೇ ಬಿದ್ದಿತ್ತು.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಫಲ ಕೊಟ್ಟದ್ದು 1944ರ ಜುಲೈ 13ರ ಘಟನೆ. ದಿಕ್ಕು ತಪ್ಪಿದ ಜರ್ಮನ್ ರಾತ್ರಿ ಯುದ್ಧವಿಮಾನ, ಯುಂಕರ್ಸ್ 88, ತಮ್ಮದೇ ನೆಲೆ ಅಂದುಕೊಂಡು ಇಂಗ್ಲೆಂಡಿನ ವುಡ್‌ಬ್ರಿಡ್ಜ್‌ನಲ್ಲಿ ಇಳಿಯಿತು. ಅದರಲ್ಲಿದ್ದ ಫ್ಲೆನ್ಸ್‌ಬರ್ಗ್ ಎಂಬ ಉಪಕರಣ, ಬ್ರಿಟಿಷ್ ಬಾಂಬರ್‌ಗಳ ಬಾಲದ ಮೋನಿಕಾ ರೇಡಾರಿನ ಸಂಕೇತವನ್ನೇ ಹಿಡಿದು ಅವುಗಳ ಬೆನ್ನಿಗೆ ಬರುತ್ತಿತ್ತು. ಹಿಂದಿನಿಂದ ಬರುವ ಶತ್ರುವಿನ ಎಚ್ಚರಿಕೆ ಕೊಡಲೆಂದು ಇಟ್ಟ ರೇಡಾರ್ ಶತ್ರುವಿಗೇ ದಾರಿ ತೋರುತ್ತಿತ್ತು! ಮೋನಿಕಾಗಳನ್ನೆಲ್ಲ ಕಿತ್ತರು.

ಆಕಾಶದಿಂದ ತೆಗೆದ ಫೋಟೊದಲ್ಲಿ ಅಳತೆ ಸಿಗುತ್ತದೆ, ಆದರೆ ಎಚ್ಚರ ಬೇಕು. 36 ಇಂಚು ಫೋಕಲ್ ಲೆಂತ್ ಇರುವ ಲೆನ್ಸಿನಲ್ಲಿ 30,000 ಅಡಿಯಿಂದ ತೆಗೆದರೆ ಪ್ರಮಾಣ ಹತ್ತು ಸಾವಿರಕ್ಕೆ ಒಂದು. 12 ಮೀಟರ್ ರೆಕ್ಕೆ ಫಿಲ್ಮಿನ ಮೇಲೆ 1.2 ಮಿಲಿಮೀಟರ್. ಆ 30,000 ಅಡಿ ಸಮುದ್ರಮಟ್ಟದಿಂದಲೋ ನೆಲದಿಂದಲೋ ಎಂಬುದನ್ನು ಮರೆತರೆ ಕೆಟ್ಟಿತು. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಂಥ ಜಾಗದಲ್ಲಿ ಹಾಗೆ ಮರೆತರೆ 12 ಮೀಟರ್ ರೆಕ್ಕೆ ಸುಮಾರು 13.7 ಮೀಟರ್ ಅನ್ನಿಸಿಬಿಡುತ್ತದೆ, ಬೇರೆಯದೇ ವಿಮಾನ ಅಂತ ವರದಿ ಹೋಗುತ್ತದೆ. ಅದಕ್ಕೇ ಚಿತ್ರದಲ್ಲಿ ಅಳತೆ ಗೊತ್ತಿರುವ ವಸ್ತು, ಹೆಚ್ಚಾಗಿ ರೈಲು ಹಳಿ, ಹುಡುಕುತ್ತಾರೆ. (ಕೊಡಗಿನಲ್ಲಿ ಆ ಅನುಕೂಲವೂ ಇಲ್ಲ, ಬಿಡಿ.)

ಅಳತೆ ಸರಿಯಿದ್ದರೂ ಊಹೆ ತಪ್ಪಬಹುದು. ಸೋವಿಯತ್ ಮಿಗ್-25ರ ಭಾರೀ ರೆಕ್ಕೆ ನೋಡಿ ಅಮೆರಿಕನ್ನರು ಅದನ್ನು ಚುರುಕಾಗಿ ತಿರುಗುವ ಮಹಾ ಯುದ್ಧವಿಮಾನ ಅಂದುಕೊಂಡಿದ್ದರು. 1976ರ ಸೆಪ್ಟೆಂಬರ್ 6ರಂದು ಬೆಲೆಂಕೊ ಎಂಬ ಪೈಲಟ್ ಒಂದನ್ನು ಜಪಾನಿನ ಹಕೊಡಾಟೆಗೆ ತಂದಿಳಿಸಿದಾಗ ಕಂಡದ್ದು ಬಹುಪಾಲು ಉಕ್ಕಿನ ಮೈ, ರೇಡಾರಿನಲ್ಲಿ ಹಳೆಯ ಕಾಲದ ವ್ಯಾಕ್ಯೂಮ್ ಟ್ಯೂಬ್. ಅಷ್ಟು ದೊಡ್ಡ ರೆಕ್ಕೆ ಬೇಕಾದದ್ದು ಅದರ ತೂಕ ಹೊರಲು.

ಇನ್ನು ಸೆರೆಸಿಕ್ಕ ಪೈಲಟ್. 1949ರ ಜಿನೀವಾ ಒಪ್ಪಂದದಂತೆ ಅವನು ಹೇಳಬೇಕಾದ್ದು ಹೆಸರು, ಹುದ್ದೆ, ಹುಟ್ಟಿದ ದಿನ, ಸೈನಿಕ ಸಂಖ್ಯೆ ಮಾತ್ರ. 1965ರ ಸೆಪ್ಟೆಂಬರ್ 22ರಂದು ಹಂಟರ್ ವಿಮಾನ ಉರುಳಿ ಪಾಕಿಸ್ತಾನದ ಸೆರೆಯಾದ ನಮ್ಮ ನಂದಾ ಕಾರ್ಯಪ್ಪನವರಿಗೆ ಹೆಸರು ಹೇಳುವುದೇ ಸಾಲದೆ? ಜನರಲ್ ಕೆ.ಎಂ. ಕಾರ್ಯಪ್ಪನವರ ಮಗ ಅಂತ ಗೊತ್ತಾಗಿಹೋಯಿತು. ಬಾಯಿಬಿಡಿಸಲು ಹೊಡೆತ ಬೇಕಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೆರೆಯಾಳುಗಳ ವಿಚಾರಣೆ ಮಾಡುತ್ತಿದ್ದ ಜರ್ಮನಿಯ ಹಾನ್ಸ್ ಶಾರ್ಫ್ ಅಮೆರಿಕದ ಸೆರೆಯಾಳಿನ ಜೊತೆ ಹರಟುತ್ತಾ, ನಿಮ್ಮ ಟ್ರೇಸರ್ (ಹೋದ ದಾರಿ ಕಣ್ಣಿಗೆ ಕಾಣುವ) ಗುಂಡಿನ ಹೊಗೆ ಕೆಂಪಿನ ಬದಲು ಬಿಳಿಯಾಗಿರುವುದು ರಾಸಾಯನಿಕದ ಕೊರತೆಯಿಂದ ತಾನೇ ಅಂದನಂತೆ. ಛೆ, ಕೊರತೆಯೇನಿಲ್ಲ, ಗುಂಡು ಮುಗಿಯುತ್ತಾ ಬಂತು ಅಂತ ಪೈಲಟ್‌ಗೆ ತಿಳಿಯಲೆಂದು ಬಿಳಿ ಹಾಕುವುದು ಅಂತ ಸೆರೆಯಾಳು ತಾನಾಗಿಯೇ ತಿದ್ದಿದ. ಬಿಳಿ ಹೊಗೆ ಕಂಡ ಕೂಡಲೇ ಎದುರಾಳಿಯ ಗುಂಡು ಮುಗಿಯುತ್ತಿದೆ ಅನ್ನುವುದು ಜರ್ಮನ್ನರಿಗೂ ಗೊತ್ತಾಯಿತು.